ಸೀಲು ಹಾಕಿದ ಚಕ್ಲಿ

ನಮ್ಮತ್ತೆ ನಾಗಲಕ್ಷ್ಮಮ್ಮ ಕೊಟ್ಟ ತಿಂಡಿಯನ್ನು ಬೇಡ ಅನ್ನುವ ಮಗು ಹೆಬ್ಬಗೋಡಿಯಲ್ಲಿ ಇನ್ನೂ ಹುಟ್ಟಿಲ್ಲ ಅಂತ ಮನೆಯಲ್ಲಿ ನಾವು ತಮಾಷೆ ಮಾಡುತ್ತಿದ್ದೆವು. ಲಾವಣ್ಯ ಹುಟ್ಟಿದ್ದು ರಾಯಚೂರಿನ ಕಡೆ. ಅವಳ ಅಪ್ಪ ಅಮ್ಮ ನಮ್ಮ ಹಿತ್ತಲಿನ ಬಾಡಿಗೆ ರೂಮಿಗೆ ಸಾಮಾನು ಇಳಿಸುತ್ತಿದ್ದ ದಿನ ಅತ್ತೆ ಅವಳ ಕೈಗೊಂದು ಕಡ್ಲೇಕಾಯಿ ಚಿಕ್ಕಿ ಇಡಲು ಹೋದರು. ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ, "ಇದ್ರಾಗ ಶೇಂಗಾ ಐತೇನ್ರಿ?" ಅಂದಳು.

"ಶೇಂಗಾನೋ ಪಾಂಗಾನೋ, ಸುಮ್ಕೆ ತಿನ್ನವ್ವಾ," ಅಂದರು ಅತ್ತೆ.

ಅಷ್ಟರಲ್ಲಿ ಅವಳ ಅಮ್ಮ ಶಿವಗಂಗಾ ಹೊತ್ತಿದ್ದ ಪಾತ್ರೆ ಗಂಟನ್ನು ಅಲ್ಲೇ ಕೆಡವಿ ಓಡಿ ಬಂದಳು. ಅತ್ತೆಯ ಕೈಯಿಂದ ಚಿಕ್ಕಿ ಕಿತ್ತು ಬೀದಿಗೆ ಎಸೆದಳು. ಆಮೇಲೆ ನಮ್ಮ ನಲ್ಲಿಯ ಕೆಳಗೆ ಮಗಳ ಕೈಯನ್ನು ಸೋಪು ಹಾಕಿ ಉಜ್ಜತೊಡಗಿದಳು. ನನಗೆ ಮೈ ಉರಿಯಿತು. ನಾನು ಶ್ಯಾಮಲಾ, ಈ ಮನೆಯ ಸೊಸೆ. ರೂಮುಗಳ ನೀರು, ಕರೆಂಟು, ಜಗಳ ಎಲ್ಲ ನೋಡಿಕೊಳ್ಳುವವಳು ನಾನೇ. ಬಾಯಿ ಸ್ವಲ್ಪ ಜೋರು ಅಂತ ಹೆಸರಿದೆ. ಬಂದ ದಿನವೇ ಈ ಪಾಟಿ ಕೊಬ್ಬಾ ಅಂತ ಕೇಳಲು ಬಾಯಿ ತೆರೆದವಳು, ಅವಳು ಮಗಳ ಒಂದೊಂದು ಬೆರಳನ್ನೂ ಬಿಡಿಸಿ ಬಿಡಿಸಿ ತೊಳೆಯುತ್ತಿರುವುದನ್ನು ನೋಡಿ ನಿಂತೆ.

ಶೇಂಗಾ ಅಂದರೆ ನಮ್ಮ ಕಡ್ಲೇಕಾಯಿ. ಅದರ ಪುಡಿ ನಾಲಿಗೆಗೆ ತಾಗಿದರೂ ಸಾಕು, ಆ ಹುಡುಗಿಗೆ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಗಂಟಲು ಕಟ್ಟಿ, ಉಸಿರೇ ನಿಲ್ಲುವ ಹಾಗೆ ಆಗುತ್ತಿತ್ತು. ಅದೂ ಎಂಥ ಮನೆಯಲ್ಲಿ ಹುಟ್ಟಿದ್ದಳು ನೋಡಿ. ಅವರ ಕಡೆ ಚಟ್ನಿಪುಡಿಗೆ ಶೇಂಗಾ, ಬದನೆಕಾಯಿಗೆ ಶೇಂಗಾ, ಹಬ್ಬ ಬಂದರೆ ಹೋಳಿಗೆಯೊಳಗೂ ಶೇಂಗಾ. ಇದೆಲ್ಲ ಸೊಸೆಯ ನಖರಾ ಅಂತ ಅಜ್ಜಿ ಹೊಳೆವ್ವ ಒಂದು ದಿನ ಯಾರಿಗೂ ಹೇಳದೆ ಮೊಮ್ಮಗಳ ನಾಲಿಗೆಗೆ ಶೇಂಗಾ ಚಟ್ನಿ ಸವರಿ ಪರೀಕ್ಷೆ ಮಾಡಿದ್ದಳಂತೆ. ಮಗು ಬದುಕಿದ್ದು ಪುಣ್ಯ. ಆಮೇಲೆ ಶಿವಗಂಗಾ ಆ ಊರಲ್ಲಿ ಇರಲಿಲ್ಲ.

ಹಾಗಾಗಿ ಮಗಳಿಗೆ ಒಂದು ನಿಯಮ ಮಾಡಿದ್ದಳು. ಯಾರು ಏನು ಕೊಟ್ಟರೂ ಮೊದಲು ಕೈ ಹಿಂದೆ ಕಟ್ಟಿಕೊಂಡು ಕೇಳಬೇಕು. ಟೀಚರನ್ನೂ ಕೇಳಬೇಕು, ಪ್ರಸಾದ ಕೊಡುವ ಪೂಜಾರಿಯನ್ನೂ ಕೇಳಬೇಕು, ಸ್ವಂತ ಅಪ್ಪನನ್ನೂ ಕೇಳಬೇಕು. ಅವ್ವನೊಬ್ಬಳನ್ನು ಕೇಳಬೇಕಾಗಿರಲಿಲ್ಲ. ಅವ್ವ ಕೊಟ್ಟಿದ್ದನ್ನು ಕಣ್ಣು ಮುಚ್ಚಿ ತಿನ್ನಬಹುದು. ಲಾವಣ್ಯ, ನಮ್ಮೆಲ್ಲರ ಬಾಯಲ್ಲಿ ಲಾವಿ, ನಿಜವಾಗಿಯೂ ಹಾಗೇ ತಿನ್ನುತ್ತಿದ್ದಳು. ಅಂಗಳದಲ್ಲಿ ಆಡುತ್ತಾ ಆಡುತ್ತಾ ಬಂದು, ಕಣ್ಣು ಮುಚ್ಚಿ ಬಾಯಿ ತೆರೆದು ನಿಲ್ಲುತ್ತಿದ್ದಳು. ಅವ್ವ ಏನು ಇಟ್ಟಳು ಅಂತ ನೋಡದೆ ಅಗಿಯುತ್ತಾ ಓಡಿಹೋಗುತ್ತಿದ್ದಳು.

ಶಿವಗಂಗಾಳಿಗೆ ಬೊಮ್ಮಸಂದ್ರದಲ್ಲಿ ಸಿಕ್ಕ ಕೆಲಸವೋ, ಕುರುಕುಲು ತಿಂಡಿ ಮಾಡುವ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಹಾಲ್‌ನಲ್ಲಿ. ಅಲ್ಲಿ ಮಸಾಲೆ ಕಡ್ಲೇಕಾಯಿಯೂ ನಿಪ್ಪಟ್ಟೂ ಮೂಟೆಗಟ್ಟಲೆ ಪ್ಯಾಕ್ ಆಗುತ್ತಿತ್ತು. ಬೇರೆ ಕೆಲಸ ನೋಡ್ಕೊಬಾರದಾ ಅಂತ ನಾನೇ ಎಷ್ಟೋ ಸಲ ಕೇಳಿದ್ದೆ. "ಸಿಕ್ಕಾಗ ಬಿಡ್ತೀನ್ರಿ ಅಕ್ಕಾರ," ಅನ್ನುತ್ತಿದ್ದಳು. ಶಿಫ್ಟ್ ಮುಗಿಸಿ ಬಂದವಳು ಮಗಳ ಮುಖ ನೋಡದೆ ಸೀದಾ ಹಿತ್ತಲಿನ ಬಚ್ಚಲಿಗೆ ಹೋಗುತ್ತಿದ್ದಳು. ತಲೆಗೆ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿ, ಉಗುರೊಳಗೆ ಬ್ರಷ್ ಹಾಕಿ ತಿಕ್ಕಿ ಹೊರಗೆ ಬರುತ್ತಿದ್ದಳು. ಲಾವಿ ಬಾಗಿಲ ಹೊರಗೆ ಕೂತು ಹಾಡುತ್ತಾ ಕಾಯುತ್ತಿದ್ದಳು. ಚಳಿಗಾಲದಲ್ಲೂ ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ಅವಳ ಗಂಡ ಅಮರೇಶ್ ಒಳ್ಳೆ ಫಿಟ್ಟರ್. ಅವನ ಫ್ಯಾಕ್ಟರಿಯವರು ಇಲ್ಲಿನ ಘಟಕ ಮುಚ್ಚಿ ಅಹಮದಾಬಾದಿನ ಹತ್ತಿರಕ್ಕೆ ಹೋದಾಗ ಅವನನ್ನೂ ಕರೆದರು. ಹೋಗಿ ಸೇರಿಕೊಂಡ. ಅಲ್ಲಿ ರೂಮು ಹುಡುಕಿ, ಹತ್ತಿರದ ಶಾಲೆ ನೋಡಿ, ಈ ಬೇಸಿಗೆ ರಜೆಯಲ್ಲಿ ಹೆಂಡತಿ ಮಗಳನ್ನು ಕರೆಸಿಕೊಳ್ಳುವುದು ಅಂತ ಆಯಿತು. ಲಾವಿ ದಿನಾ ಸಂಜೆ ಫೋನಿನಲ್ಲಿ ಅಪ್ಪನಿಗೆ ತನ್ನ ಹಲ್ಲು ತೋರಿಸುತ್ತಿದ್ದಳು. ಬಿದ್ದದ್ದೆಷ್ಟು, ಬಂದದ್ದೆಷ್ಟು ಅಂತ. ಅಪ್ಪ ಹೋದ ಮೇಲೆ ಬಿದ್ದ ಹಲ್ಲುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದಳು.

ರೈಲಿನಲ್ಲಿ ಹೋಗುವ ಮಾತು ಶಿವಗಂಗಾ ಎತ್ತಲೇ ಇಲ್ಲ. ಹಿಂದೊಮ್ಮೆ ಹಬ್ಬಕ್ಕೆ ಊರಿಗೆ ರೈಲಿನಲ್ಲಿ ಹೋಗುವಾಗ ಎದುರು ಸೀಟಿನವರು ದಾರಿಯುದ್ದಕ್ಕೂ ಶೇಂಗಾ ಸುಲಿದಿದ್ದರಂತೆ. ಸೀಟಿನ ಮೇಲೆ, ಕಿಟಕಿ ಕಂಬಿಗೆ, ಎಲ್ಲಾ ಕಡೆ ಅದರ ಪುಡಿ. ಮಗು ಕಂಬಿ ಹಿಡಿದ ಕೈಯನ್ನು ಬಾಯಿಗೆ ಹಾಕಿತು. ಗುಂತಕಲ್ಲಿನಲ್ಲಿ ಇಳಿದು, ಊದಿದ ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಎಲ್ಲಿ ಅಂತ ತೆಲುಗಿನಲ್ಲಿ ಕೇಳಲು ಬಾರದೆ ಓಡಿದ್ದನ್ನು ಅವಳು ಒಂದೇ ಸಲ ಹೇಳಿದ್ದು, ಮತ್ತೆ ಹೇಳಲಿಲ್ಲ. ಅಹಮದಾಬಾದಿಗೆ ಒಂದೂವರೆ ದಿನದ ಹಾದಿ. ಸ್ಟೇಷನ್ನಿಗೊಬ್ಬ ಶೇಂಗಾ ಮಾರುವವನು ಹತ್ತುತ್ತಾನೆ. ಹಾಗಾಗಿ ವಿಮಾನ. ಎರಡು ಗಂಟೆ ಉಸಿರು ಹಿಡಿದು ಕೂತರೆ ಮುಗಿಯಿತು ಅಂತ ಅಮರೇಶ್ ಓವರ್‌ಟೈಮ್ ಮಾಡಿ ಟಿಕೆಟ್ ತೆಗೆಸಿದ.

ವಿಮಾನದವರಿಗೆ ಫೋನ್ ಮಾಡಿದವಳು ನಾನು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ಹುಡುಗಿ ಸಿಕ್ಕಳು. ಕಡ್ಲೇಕಾಯಿ ಇಲ್ಲದ ತಿಂಡಿ ಇದೆಯಾ ಅಂದೆ. ಗ್ಯಾರಂಟಿ ಕೊಡಲ್ಲ ಮೇಡಂ ಅಂದಳು. ಅಕ್ಕಪಕ್ಕದವರಿಗೆ ಕಡ್ಲೇಕಾಯಿ, ಗೋಡಂಬಿ ಮಾರಬೇಡಿ ಅಂತ ಹೇಳಕ್ಕಾಗತ್ತಾ ಅಂದೆ. ರಿಕ್ವೆಸ್ಟ್ ಹಾಕಬಹುದು, ಗ್ಯಾರಂಟಿ ಇಲ್ಲ ಮೇಡಂ ಅಂದಳು. ಮನೆಯಿಂದ ತಿಂಡಿ ತಂದರೆ ಬಿಡ್ತಾರಾ ಅಂದೆ. ಅದು ಸೆಕ್ಯೂರಿಟಿಯವರ ತೀರ್ಮಾನ ಮೇಡಂ ಅಂದಳು. "ನಿಮ್ಮ ತೀರ್ಮಾನ ಯಾವ್ದಮ್ಮ ಹಾಗಾದ್ರೆ?" ಅಂತ ಕೇಳಿದೆ. ಬೇರೆ ಏನಾದರೂ ಸಹಾಯ ಬೇಕಾ ಮೇಡಂ ಅಂದಳು.

ಆ ಭಾನುವಾರ ಶಿವಗಂಗಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಸೂರು ರೋಡಿನ ದೊಡ್ಡ ಅಂಗಡಿಗೆ ಹೋದೆ. ಬಿಸ್ಕತ್ತು, ಚಿಪ್ಸು, ರಸ್ಕು, ಕಾರ್ನ್ ಪಫ್ಫು, ಕೈಗೆ ಸಿಕ್ಕಿದ್ದೆಲ್ಲ ತಿರುಗಿಸಿ ತಿರುಗಿಸಿ ಓದಿದೆವು. ಹೆಚ್ಚಿನವುಗಳ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಅದೇ ಮಾತು, ಕಡಲೆಕಾಯಿ ಬಳಸುವ ಜಾಗದಲ್ಲಿ ತಯಾರಾಗಿದೆ. ಕೆಲವರು ಅದನ್ನೂ ಬರೆದಿರಲಿಲ್ಲ. ಅಂಥದ್ದನ್ನು ನಾನು ಬುಟ್ಟಿಗೆ ಹಾಕಲು ಹೋದರೆ ಶಿವಗಂಗಾ ತೆಗೆದಿಟ್ಟಳು. "ಬರೀಲಾರದವ್ರಿಗೆ ಇನ್ನೂ ಅಂಜಬೇಕ್ರಿ ಅಕ್ಕಾರ. ನಮ್ಮ ಹಾಲ್‌ನ್ಯಾಗೂ ಎಲ್ಲಾ ಬರಿಯಂಗಿಲ್ಲ." ಮಂಡಕ್ಕಿಯೂ ಬೇಡ ಅಂದಳು, ಹುರಿಯುವ ಮರಳಲ್ಲೇ ಶೇಂಗಾನೂ ಹುರಿಯುತ್ತಾರಂತೆ. ಕೊನೆಗೆ ಹೊರಗೆ ಬಂದಾಗ ನಮ್ಮ ಬುಟ್ಟಿಯಲ್ಲಿ ಒಂದು ಉಪ್ಪಿನ ಪ್ಯಾಕೆಟ್ಟು ಮಾತ್ರ ಇತ್ತು. ಅಷ್ಟು ದೊಡ್ಡ ಅಂಗಡಿ, ಒಂದು ಮಗುವಿಗೆ ಕೊಡುವಂಥದ್ದು ಏನೂ ಇಲ್ಲ. ನನಗೆ ಅಲ್ಲೇ ಯಾರನ್ನಾದರೂ ಹಿಡಿದು ಬೈಯಬೇಕು ಅನ್ನಿಸಿತು.

"ಎರಡು ಬಾಳೆಹಣ್ಣು ಇಟ್ಕೊಂಡು ಹೋಗ್ಬಿಡೇ. ಸಿಪ್ಪೆ ದೇವರೇ ಹಾಕಿರೋ ಸೀಲು," ಅಂದೆ.

ಶಿವಗಂಗಾ ನಕ್ಕಳು. ಆಮೇಲೆ ಹೇಳಿದಳು, ಲಾವಿಗೆ ಅವಳಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದಾನೆ, ವಿಮಾನದಲ್ಲಿ ಎಲ್ಲಾರೂ ಪ್ಯಾಕೆಟ್ ಹರಿದು ಹರಿದು ತಿಂತಾರೆ ಅಂತ. ಲಾವಿ ಹುಟ್ಟಿದಾಗಿನಿಂದ ಒಂದು ಪ್ಯಾಕೆಟ್ಟನ್ನೂ ತನ್ನ ಕೈಯಾರೆ ಹರಿದು ತಿಂದಿಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ಹರಿಯುವುದನ್ನು ದೂರ ಕೂತು ನೋಡುತ್ತಾಳೆ. ಖಾಲಿ ಪ್ಯಾಕೆಟ್ಟನ್ನು ಕೂಡ ಮುಟ್ಟುವ ಹಾಗಿಲ್ಲ. "ಒಮ್ಮೆ ಎಲ್ಲಾರ ನಡುವ ಕುಂತು ಅಕಿನೂ ಒಂದು ಹರೀಲಿ ಅಂತ ಆಸೆರಿ," ಅಂದಳು.

ಇದರ ನಡುವೆ ಪಕ್ಕದ ರೂಮಿನ ಹನುಮೇಶ. ಕಂಪನಿ ಖರ್ಚಿನಲ್ಲಿ ಒಂದೇ ಒಂದು ಸಲ ವಿಮಾನ ಹತ್ತಿದವನು, ಆವತ್ತಿನಿಂದ ನಮ್ಮ ವಠಾರಕ್ಕೆಲ್ಲ ಅವನೇ ವಿಮಾನದ ಪಂಡಿತ. ಅವನ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯನ್ನು ಅಲ್ಲಿ ಕಸದ ಬುಟ್ಟಿಗೆ ಹಾಕಿಸಿದ್ದರು. "ಮನಿ ಡಬ್ಬಿ ಒಳಗ ಬಿಡಂಗಿಲ್ಲವ್ವ. ಸೀಲ್ ಇರಬೇಕು. ಸೀಲ್ ಇಲ್ಲಂದ್ರ ಚೆಲ್ಲಸ್ತಾರ," ಅಂತ ಕೈ ಅಡ್ಡಡ್ಡ ಆಡಿಸಿ ಹೇಳಿದ. ಒಣ ತಿಂಡಿಗೆ ಅಂಥ ಕಾನೂನೇನೂ ಇಲ್ಲ ಅಂತ ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆವತ್ತು ಅವನ ಬಾಯಲ್ಲಿ ಸೀಲು ಅನ್ನುವ ಮಾತು ಬಂದ ಕೂಡಲೇ ಶಿವಗಂಗಾಳ ಮುಖ ಅರಳಿತು. ಸೀಲು ಹಾಕುವುದೇ ಅವಳ ಕೆಲಸವಲ್ಲವೇ.

ಚಕ್ಲಿಯನ್ನು ನಮ್ಮ ಅಂಗಳದಲ್ಲಿ ಹೊಸ ಒಲೆ ಹೂಡಿ ಮಾಡಿದಳು. ಅಕ್ಕಿ, ಉದ್ದು ಗಿರಣಿಗೆ ಹೋಗಲಿಲ್ಲ, ಅವಳದೇ ಮಿಕ್ಸಿಯಲ್ಲಿ ಪುಡಿಯಾಯಿತು. ಎಣ್ಣೆ ಹೊಸದು, ಬಾಣಲೆ ಹೊಸದು. ಅತ್ತೆ ತಮ್ಮ ತವರಿನ ಹಿತ್ತಾಳೆ ಚಕ್ಲಿ ಒರಳನ್ನು ಹುಣಸೆಹಣ್ಣು ಹಾಕಿ ಬೆಳಗಿ ತಂದುಕೊಟ್ಟರೆ ಶಿವಗಂಗಾ ಕೈಮುಗಿದು ಬೇಡ ಅಂದು ಹೊಸದೊಂದು ಸ್ಟೀಲಿನದನ್ನು ತಂದಳು. ಅತ್ತೆ ಮುಖ ಊದಿಸಿಕೊಂಡು ಜಗುಲಿ ಮೇಲೆ ಕೂತರು. "ನಾನೇನ್ ಇಸ ಇಕ್ತೀನಾ?" ಅಂದರು. ಆದರೆ ಲಾವಿ ಬಿಸಿ ಚಕ್ಲಿ ಕಚ್ಚಿಕೊಂಡು ಅವರ ಮಡಿಲಲ್ಲಿ ಕೂರಲು ಬಂದಾಗ, ಮೊದಲು ಎದ್ದುಹೋಗಿ ಕೈ ತೊಳೆದು ಸೀರೆ ಬದಲಾಯಿಸಿಕೊಂಡು ಬಂದರು. ಆವತ್ತು ಲಾವಿ ಹೊಟ್ಟೆ ತುಂಬ ಚಕ್ಲಿ ತಿಂದಳು. ಏನೂ ಆಗಲಿಲ್ಲ.

ಮರುದಿನ ಶಿವಗಂಗಾ ಚಕ್ಲಿ ಡಬ್ಬಿಯನ್ನು ಫ್ಯಾಕ್ಟರಿಗೆ ತೆಗೆದುಕೊಂಡು ಹೋದಳು. ಅವಳ ಲೈನ್ ನೋಡಿಕೊಳ್ಳುವ ರುದ್ರೇಶ್ ಒಳ್ಳೆಯವನು. ಶಿಫ್ಟ್ ಮುಗಿದ ಮೇಲೆ ಮಾಡ್ಕೊಳಕ್ಕ ಅಂದನಂತೆ. ಕಡ್ಲೇಕಾಯಿ ಮೂಟೆಗಳೆಲ್ಲ ಹೊರಗೆ ಹೋಗುವವರೆಗೆ ಕಾದು, ಟೇಬಲ್ಲನ್ನು ಬಿಸಿನೀರಿನಲ್ಲಿ ಮೂರು ಸಲ ಒರೆಸಿ, ಮೈಗೆ ಸೋಪು ಹಾಕಿ, ಬೇರೆ ಸೀರೆ ಉಟ್ಟು, ಹೊಸ ಗ್ಲೌಸ್ ಹಾಕಿ, ಹೊಸ ರೋಲಿನಿಂದ ಪ್ಯಾಕೆಟ್ ತೆಗೆದು ಸೀಲು ಮಾಡಿಕೊಂಡು ಬಂದಳು. ಬೆಳ್ಳಿ ಬಣ್ಣದ ಪ್ಯಾಕೆಟ್ಟುಗಳು, ಗಾಳಿ ತುಂಬಿ ದಿಂಬಿನ ಹಾಗೆ ಉಬ್ಬಿದ್ದವು. ಮೇಲೆ ಏನೂ ಅಚ್ಚಾಗಿರಲಿಲ್ಲ. ಲಾವಿ ಸ್ಕೆಚ್ ಪೆನ್ ತಂದು ಪ್ರತಿಯೊಂದರ ಮೇಲೂ ಒಂದು ವಿಮಾನ ಬರೆದಳು. ವಿಮಾನದ ಕಿಟಕಿಯಲ್ಲಿ ಎರಡು ಜಡೆಯ ಹುಡುಗಿ. ಆ ಪ್ಯಾಕೆಟ್ಟುಗಳನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳಂತೆ.

ಹೊರಡುವ ದಿನ ಬೆಳಿಗ್ಗೆ ನಾನೇ ಕಾರು ತೆಗೆದೆ. ಅವರ ಸಾಮಾನೆಲ್ಲ ಎರಡು ಚೀಲ. ಶಿವಗಂಗಾಳ ಕೈಚೀಲದಲ್ಲಿ ತಿಂಡಿ, ನೀರು, ಮತ್ತೆ ಒಂದು ಹಳೇ ಪೌಡರ್ ಡಬ್ಬಿ. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ಸಣ್ಣ ಸೀಸೆ, ಸಿರಿಂಜು, ಡಾಕ್ಟರ ಚೀಟಿ. ಉಸಿರು ಕಟ್ಟಿದರೆ ಚುಚ್ಚುವ ಇಂಜೆಕ್ಷನ್ ಅದು. ಆಸ್ಪತ್ರೆಯವರು ಹೇಳಿಕೊಟ್ಟಿದ್ದರು. ಮೂಸಂಬಿ ಹಣ್ಣಿಗೆ ಚುಚ್ಚಿ ಚುಚ್ಚಿ ಅವಳು ಅಭ್ಯಾಸ ಮಾಡಿದ್ದಳು. ಯಾವತ್ತೂ ಮಗಳಿಗೆ ಚುಚ್ಚಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದು, "ಅಪ್ಪನ್ ನೋಡ್ದೇಟ್ಗೆ ಈ ಅಜ್ಜೀನ ಮರ್ತ್‌ಬುಡ್ತೀಯ," ಅಂತ ಲಾವಿಯ ಕೆನ್ನೆ ಹಿಂಡಿದರು. ಲಾವಿ ಹಲ್ಲಿನ ಡಬ್ಬಿ ಅಲ್ಲಾಡಿಸಿ ತೋರಿಸಿದಳು.

ಖುಷಿಗೆ ಹುಡುಗಿ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಹೊಟ್ಟೆ ಹಸೀತದ ಅಂದಳು. "ವಿಮಾನದಾಗ ತಿನ್ನೂದವ್ವ," ಅಂದಳು ಶಿವಗಂಗಾ. ಮಾರತ್ತಹಳ್ಳಿಯಲ್ಲಿ ಮತ್ತೆ ಕೇಳಿದಳು. ಮಹದೇವಪುರಕ್ಕೆ ಬರುವ ಹೊತ್ತಿಗೆ ರಿಂಗ್ ರೋಡು ಪೂರ್ತಿ ನಿಂತುಹೋಗಿತ್ತು. ಮುಂದೆ ಕಂಪನಿ ಬಸ್ಸುಗಳು, ಪಕ್ಕದಲ್ಲಿ ಮೆಟ್ರೋ ಕೆಲಸದ ತಗಡಿನ ಗೋಡೆ, ಸಂದಿಯಲ್ಲೆಲ್ಲ ಬೈಕುಗಳು.

"ಒಂದು ಕೊಡ್ಲೇನ್ರಿ ಅಕ್ಕಾರ? ಉಳದವು ಅಲ್ಲಿಗೆ ಆಗ್ತಾವ," ಅಂದಳು ಶಿವಗಂಗಾ.

"ಮೊದ್ಲು ಕೊಡು, ಪಾಪ," ಅಂದೆ.

ಲಾವಿ ಪ್ಯಾಕೆಟ್ಟನ್ನು ತೊಡೆ ಮೇಲಿಟ್ಟು ಎರಡೂ ಕಡೆ ನೋಡಿದಳು. ತನ್ನ ವಿಮಾನದ ಚಿತ್ರ ಹರಿಯದ ಹಾಗೆ ಮೂಲೆ ಹಿಡಿದು ಎಳೆದಳು. ಬರಲಿಲ್ಲ. ಹಲ್ಲಿಲ್ಲದ ಬಾಯಿಯಲ್ಲಿ ಕಚ್ಚಿ ಎಳೆದಳು. ಟಪ್ ಅಂತ ಬಿಚ್ಚಿಕೊಂಡಿತು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅಷ್ಟು ಸಣ್ಣದಕ್ಕೆ ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಮತ್ತೆ ನೋಡಿಲ್ಲ. ಏನನ್ನೂ ಕೇಳದೆ ಕಣ್ಣು ಮುಚ್ಚಿ ಬಾಯಿಗಿಟ್ಟಳು. ಒಂದು ಮುಗಿಸಿದಳು, ಇನ್ನೊಂದನ್ನು ಅರ್ಧ ತಿಂದಳು.

ಟ್ರಾಫಿಕ್ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಆಗ ಅವಳು ತುಟಿ ಕೆರೆದುಕೊಂಡು, "ಅವ್ವಾ, ಬಾಯಿ ಚುರುಚುರು ಅನ್ನಾಕತ್ತೈತಿ," ಅಂದಳು.

ಶಿವಗಂಗಾ ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಹುಡುಗಿಯ ಕೆಳತುಟಿ ನಾನು ನೋಡುತ್ತಿದ್ದಂತೆಯೇ ದಪ್ಪವಾಗುತ್ತಿತ್ತು. ಕುತ್ತಿಗೆಯಲ್ಲಿ ಕೆಂಪು ಗಂಧೆಗಳು. ಕೆಮ್ಮು ಶುರುವಾಯಿತು, ನಾಯಿ ಬೊಗಳಿದಂಥ ಒಣ ಕೆಮ್ಮು. ಅವ್ವಾ ಅನ್ನಲು ಹೋದರೆ ಗಾಳಿ ಮಾತ್ರ ಬಂತು.

"ಇಲ್ಲ," ಅಂದಳು ಶಿವಗಂಗಾ. "ಇದು ನಾ ಮಾಡಿದ್ದು. ಇಲ್ಲ."

"ಸೂಜಿ ತೆಗಿ," ಅಂತ ನಾನು ಕೂಗಿದೆ.

ಅವಳು ಮಗಳನ್ನು ಸೀಟಿನ ಮೇಲೆ ಮಲಗಿಸಿ, ಡಬ್ಬಿ ಬಿಚ್ಚಿ, ಸೀಸೆಯ ಕತ್ತು ಮುರಿದಳು. ಗಾಜು ಬೆರಳಿಗೆ ಕುಯ್ದು ರಕ್ತ ಬಂತು, ನೋಡಿಕೊಳ್ಳಲಿಲ್ಲ. ಗುರುತು ಮಾಡಿದ ಗೆರೆಯ ತನಕ ಎಳೆದಳು. ಲಾವಿ ಕಣ್ಣು ಅಗಲಿಸಿ ಆ ಸೂಜಿಯನ್ನೇ ನೋಡುತ್ತಾ ತಲೆ ಅಲ್ಲಾಡಿಸಿದಳು. ಶಿವಗಂಗಾ ಒಂದು ಮೊಣಕಾಲನ್ನು ಮಗಳ ಕಾಲಿನ ಮೇಲೆ ಊರಿ, ಲಂಗ ಸರಿಸಿ, ತೊಡೆಗೆ ಚುಚ್ಚಿದಳು. ಹುಡುಗಿಗೆ ಕಿರುಚಲೂ ಉಸಿರಿರಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಈಗಲೂ ಕಾಣುತ್ತದೆ.

ನಾನು ಹಾರ್ನ್ ಮೇಲೆ ಕೈಯಿಟ್ಟು ಕಾರನ್ನು ಫುಟ್‌ಪಾತಿಗೆ ಹತ್ತಿಸಿದೆ. ಒಬ್ಬ ಆಟೋದವನು ಬೈಯಲು ಬಂದವನು ಕಿಟಕಿಯಲ್ಲಿ ನೋಡಿ, "ದಾರಿ ಬಿಡ್ರೋ, ಮಗು ಕಣ್ರೋ," ಅಂತ ಬೈಕುಗಳನ್ನು ಕೈಯಲ್ಲೇ ತಳ್ಳುತ್ತಾ ಮುಂದೆ ಓಡಿದ. ಆಸ್ಪತ್ರೆ ಹತ್ತಿರವೇ ಇತ್ತು. ಹತ್ತಿರ ಅನ್ನುವುದು ಈ ಊರಲ್ಲಿ ದೊಡ್ಡ ಸುಳ್ಳು, ಆದರೂ ತಲುಪಿದೆವು. ಒಳಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಇಟ್ಟರು. ನಿಧಾನಕ್ಕೆ ತುಟಿಯ ನೀಲಿ ಇಳಿಯಿತು. ಮೊದಲ ಚುಚ್ಚು ಕಾರಿನಲ್ಲೇ ಬಿದ್ದಿದ್ದಕ್ಕೆ ಮಗು ಉಳಿದಿದೆ ಅಂತ ಡಾಕ್ಟರಮ್ಮ ಹೇಳಿದರು. ಒಂದು ರಾತ್ರಿ ಇಲ್ಲೇ ಇರಲಿ, ಈ ಊತ ಮತ್ತೆ ತಿರುಗಿ ಬರುವ ಸಾಧ್ಯತೆ ಇರುತ್ತದೆ ಅಂದರು.

"ಏನು ತಿಂದಿದ್ಲು?" ಅಂತ ಕೇಳಿದರು.

"ಚಕ್ಲಿರಿ. ನಾನ ಮಾಡಿದ್ದು," ಅಂದಳು ಶಿವಗಂಗಾ.

"ಮನೇಲಿ ತಿಂದಾಗ ಏನೂ ಆಗಿರ್ಲಿಲ್ವಾ?"

"ಇಲ್ರಿ."

"ಆಮೇಲೆ ಎಲ್ಲಿ ಇಟ್ಟಿದ್ರಿ?"

ಶಿವಗಂಗಾ ತನ್ನ ಕೈಚೀಲದ ಕಡೆ ತಿರುಗಿ ನೋಡಿದಳು. ಡಾಕ್ಟರಮ್ಮ ಕಾದು ನೋಡಿ ಬೇರೆ ಮಂಚಕ್ಕೆ ಹೋದರು. ಇವಳು ಹೊರಗೆ ಬಂದು ಬೆಂಚಿನ ಮೇಲೆ ಕೂತು, ಕೈಚೀಲದಿಂದ ಆ ಹರಿದ ಪ್ಯಾಕೆಟ್ ತೆಗೆದಳು. ಒಳಗೆ ನೋಡಿದಳು. ಆಮೇಲೆ ಅದರ ಬಾಯಿಗೆ ತನ್ನ ಬಾಯಿ ಹತ್ತಿರ ತಂದು ಮೆಲ್ಲಗೆ ಊದಿದಳು. ಪ್ಯಾಕೆಟ್ಟು ಉಬ್ಬಿತು. ತಲೆ ಕೆಟ್ಟಿತೇನೋ ಅಂತ ನನಗೆ ಹೆದರಿಕೆಯಾಯಿತು.

"ಪ್ಯಾಕೆಟ್ ಬಾಯಿ ಬಿಡಸಾಕ ಮಿಷನ್ ಗಾಳಿ ಊದ್ತದ್ರಿ ಅಕ್ಕಾರ," ಅಂದಳು. "ಸಣ್ಣ ನಳಿಗಿ ಇರ್ತದ. ಹಾಲ್‌ನ್ಯಾಗಿನ ಗಾಳಿನ ಎಳಕೊಂಡು ಊದ್ತದ. ದಿನಾ ಶೇಂಗಾ ಪುಡಿ ಹಾರೂ ಹಾಲು. ಟೇಬಲ್ ಒರಸಿದೆ. ಕೈ ತೊಳಕೊಂಡೆ. ಸೀರಿ ಬಿಟ್ಟೆ. ಆ ಗಾಳಿ ನನ್ನ ನೆನಪಿಗೇ ಬರಲಿಲ್ಲ."

ಅದೇ ಇರಬೇಕು ಅಂತ ಯಾರು ಹೇಳಬಲ್ಲರು? ಬೇರೆ ಏನಾದರೂ ಇದ್ದೀತು ಅಂದೆ. ಅವಳು ಪ್ಯಾಕೆಟ್ಟನ್ನು ಮಡಚಿ ಚೀಲದ ತಳಕ್ಕೆ ತಳ್ಳಿದಳು. ಡಬ್ಬಿಯಲ್ಲೇ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಸೀಲು ಹಾಕಿದ್ದಕ್ಕೆ ಆಯಿತು. 

ಮಧ್ಯಾಹ್ನ ಅಮರೇಶನ ಫೋನು ಬಂತು. ಶಿವಗಂಗಾ ಹೆಸರು ನೋಡಿ ನನಗೆ ಕೊಟ್ಟಳು. ಅವನು ರಜೆ ಹಾಕಿ ಆಗಲೇ ವಿಮಾನ ನಿಲ್ದಾಣದ ಹೊರಗೆ ಬಂದು ನಿಂತಿದ್ದ. ಮಗಳು ಗುರುತು ಹಿಡಿಯಲಿ ಅಂತ ಹೋಗುವಾಗ ಹಾಕಿಕೊಂಡಿದ್ದ ಅದೇ ಅಂಗಿ ಹಾಕಿದ್ದಾನಂತೆ. ನಾನು ಹೇಳುವುದನ್ನೆಲ್ಲ ಕೇಳಿದ.  ಅವನ ಹಿಂದೆ ಯಾರೋ ಗುಜರಾತಿಯಲ್ಲಿ ಟ್ಯಾಕ್ಸಿ ಬೇಕಾ ಅಂತ ಕೂಗುತ್ತಿದ್ದರು. "ಅಕಿಗೆ ಏನೂ ಅನ್ನಬ್ಯಾಡ್ರಿ ಅಕ್ಕಾರ," ಅಂದ ಕೊನೆಗೆ. ಹೆಂಡತಿಯ ವಿಷಯ ಅಂತ ನನಗೆ ಅರ್ಥವಾಯಿತು.

ಫೋನಿಟ್ಟು, ಇನ್ನೊಂದ್ಸಲ ಹೋಗಬಹುದು, ಮುಂದಿನ ತಿಂಗಳು ಟಿಕೆಟ್ ಮಾಡೋಣ, ಬರೀ ಹಣ್ಣು ಇಟ್ಕೊಂಡು ಹೋದ್ರಾಯ್ತು ಅಂತ ನಾನು ಏನೇನೋ ಹೇಳಿದೆ. ಶಿವಗಂಗಾ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ.

"ಇದು ಮ್ಯಾಲೆ ವಿಮಾನದಾಗ ಆಗಿದ್ರ?" ಅಂದಳು ಒಂದು ಸಲ. ಆಮೇಲೆ, "ರೈಲು ಬ್ಯಾಡ, ಬಸ್ಸು ಬ್ಯಾಡ, ವಿಮಾನ ಬ್ಯಾಡ. ಇನ್ನ ನನ್ನ ಕೈನೂ ಬ್ಯಾಡ. ಎತ್ತ ಹೋಗೂದ್ರಿ ನಾವು?"

ನನ್ನ ಬಾಯಿ ಜೋರು ಅಂದೆನಲ್ಲ. ಆವತ್ತು ಎದ್ದುಹೋಗಿ ನರ್ಸಿನ ಹತ್ತಿರ ಬಟ್ಟೆ ಕೇಳಿ ತಂದು ಅವಳ ಕುಯ್ದ ಬೆರಳಿಗೆ ಸುತ್ತಿದೆ.

ಮರುದಿನ ಬೆಳಿಗ್ಗೆ ಲಾವಿಯ ಊತ ಇಳಿದಿತ್ತು. ಕಣ್ಣ ಕೆಳಗೆ ಕಪ್ಪಾಗಿತ್ತು. ಒಂದು ಕೈಗೆ ಡ್ರಿಪ್ಪಿನ ಸೂಜಿ, ಇನ್ನೊಂದರಲ್ಲಿ ಹಲ್ಲಿನ ಡಬ್ಬಿ. ಈಗ ಮೆತ್ತಗಿರುವುದು ಏನಾದರೂ ಕೊಡಬಹುದು ಅಂದರು ಡಾಕ್ಟರಮ್ಮ. ಆಸ್ಪತ್ರೆಯ ಇಡ್ಲಿ ಬಂತು. ಅದಕ್ಕೆ ಯಾವ ಎಣ್ಣೆ, ಯಾರು ಮಾಡಿದ್ದು ಅಂತ ವಿಚಾರಿಸಲು ಶಿವಗಂಗಾಳಿಗೆ ಧೈರ್ಯವಿರಲಿಲ್ಲ. ತಟ್ಟೆಯನ್ನು ಹಾಗೇ ವಾಪಸು ಕಳಿಸಿದಳು. ನಾನು ಕೆಳಗಿಳಿದು ಗೇಟಿನ ಹತ್ತಿರದ ತಳ್ಳುಗಾಡಿಯಿಂದ ಬಾಳೆಹಣ್ಣು ತಂದೆ. ಯಲಕ್ಕಿ ಬಾಳೆ, ಚಿಪ್ಪಿನಿಂದ ಈಗ ಕಿತ್ತದ್ದು.

ಶಿವಗಂಗಾ ಹೋಗಿ ಕೈ ತೊಳೆದು ಬಂದಳು. ಸಾಲದು ಅನ್ನಿಸಿ ಮತ್ತೆ ಹೋದಳು. ಬೆರಳಿನ ಗಾಯ ಬಿಚ್ಚಿಕೊಂಡು ಬಟ್ಟೆ ಕೆಂಪಾಗಿತ್ತು. ಹಣ್ಣನ್ನೂ ಸಿಪ್ಪೆ ಸಮೇತ ತೊಳೆದಳು, ಒರೆಸಿದಳು. ಮಂಚದ ತುದಿಯಲ್ಲಿ ಕೂತು, ತಲೆಗೂದಲು ಸರಿಮಾಡಿ, ಹಣ್ಣನ್ನು ಮಗಳ ಮುಂದೆ ಹಿಡಿದಳು.

"ತಿನ್ನವ್ವ. ಹಸದಿರ್ತಿ," ಅಂದಳು.

ಲಾವಿ ಹಣ್ಣು ನೋಡಿದಳು. ಅವ್ವನ ಕೈ ನೋಡಿದಳು. ಹಲ್ಲಿನ ಡಬ್ಬಿ ಕೆಳಗಿಟ್ಟು, ಸೂಜಿಯಿಲ್ಲದ ಆ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ತೆಗೆದುಕೊಂಡು ಹೋದಳು.

"ಇದ್ರಾಗ ಶೇಂಗಾ ಐತೇನ್ರಿ?" ಅಂದಳು.

ನಾನು ಕಿಟಕಿಯ ಕಡೆ ನೋಡಿದೆ. ಶಿವಗಂಗಾ, "ಇಲ್ಲವ್ವ," ಅಂದಳು. ಧ್ವನಿ ಸರಿಯಾಗಿಯೇ ಇತ್ತು.

ಲಾವಿ ಹಣ್ಣನ್ನು ಇನ್ನೂ ನೋಡುತ್ತಿದ್ದಳು. ಹಸಿವಾಗಿತ್ತು, ಎಂಜಲು ನುಂಗಿದ್ದು ಕಾಣಿಸಿತು. ಆದರೂ ಕೈ ಮುಂದೆ ಬರಲಿಲ್ಲ. ನನ್ನ ಕಡೆ ತಿರುಗಿ, "ಹೌದೇನ್ರಿ ಆಂಟಿ?" ಅಂತ ಕೇಳಿದಳು.

ಶಿವಗಂಗಾ ಎದ್ದಳು. ಹಣ್ಣನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದಳು. ನಾನು ಸಿಪ್ಪೆ ಸುಲಿದೆ. ಲಾವಿ ನನ್ನ ಕೈಯಿಂದ ತಿಂದಳು.